ಮೊದಲ ಚೊಂಬು

ಬಾಗೂರಿನಲ್ಲಿ ದಾಕ್ಷಾಯಣಮ್ಮ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದ ಕೂಸುಗಳು ಒಂದೆರಡಲ್ಲ. ಆ ಹೆಮ್ಮೆಯೇ ಅವಳಿಗೆ ಮುಳುವಾಯಿತು.

ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರು ಅವಳ ಕಣ್ಣು ಮುಚ್ಚಿಸಿ, ಪಾದಕ್ಕೆ ಪ್ಲಾಸ್ಟಿಕ್ ಎಳೆಯೊಂದನ್ನು ಒತ್ತುತ್ತ, "ಗೊತ್ತಾಯ್ತಾ?" ಎಂದು ಕೇಳಿದ್ದರು. ಏನೂ ಗೊತ್ತಾಗಿರಲಿಲ್ಲ. ಆದರೂ ಕೇಳಿದಾಗಲೆಲ್ಲ "ಹ್ಞೂಂ ಸಾ" ಎಂದಿದ್ದಳು. ಇಲ್ಲವೆಂದರೆ ಮೊಮ್ಮಗಳು ಪ್ರೇಕ್ಷಾಗೆ ನೀರೆರೆಯಲು ಬಿಡುವುದಿಲ್ಲವೆಂಬ ಭಯ.

"ಬಿಸಿ ತಗುಲಿದ್ರೆ ಚರ್ಮದಿಂದ ಬೆನ್ನುಹುರಿಗೆ ಸುದ್ದಿ ಹೋಗುತ್ತೆ. ಮಿದುಳಿಗೆ ತಿಳಿಯೋಕೆ ಮುಂಚೆನೇ ಕಾಲು ಹಿಂದಕ್ಕೆ ಬಂದಿರುತ್ತೆ. ಸುದ್ದಿನೇ ಹೊರಡದಿದ್ರೆ ಕಾಲು ಸುಟ್ರೂ ಸುಮ್ನೆ ಕೂತಿರ್ತೀರಿ," ಎಂದಿದ್ದರು ಡಾಕ್ಟರು. ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು.

ಇವತ್ತು ಕೂಸಿಗೆ ಎಣ್ಣೆ ಹಚ್ಚಿ, ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಹದ ನೋಡಲು ಮೊದಲ ಚೊಂಬನ್ನು ಅಜ್ಜಿಯ ಪಾದಕ್ಕೇ ಹುಯ್ಯುವುದು ಆ ಮನೆಯ ವಾಡಿಕೆ. ಸೊಸೆ ಮಾನಸಾ ಹುಯ್ದಳು.

"ಬಿಸಿ ಜಾಸ್ತಿ ಆಯ್ತಾ ಅತ್ತೆ?"

"ಹದವಾಗೈತೆ, ಉಯ್ಯವ್ವ."

ಎರಡನೆಯ ಚೊಂಬಿನ ಹನಿ ಬಿದ್ದದ್ದೇ ತಡ, ಕೂಸು ಕಾಲನ್ನು ಸರಕ್ಕನೆ ಎಳೆದುಕೊಂಡಿತು. ಅಳು ಬಂದದ್ದು ಆಮೇಲೆ. ಮಾನಸಾ ಚೊಂಬು ಬಿಸಾಡಿ, ಮಗುವನ್ನೆತ್ತಿಕೊಂಡು ತಣ್ಣೀರಿನ ನಲ್ಲಿಗೆ ಓಡಿದಳು. ಪುಣ್ಯಕ್ಕೆ ಮೊಣಕಾಲು ಕೆಂಪಾದಷ್ಟಕ್ಕೇ ಉಳಿದಿತ್ತು.

ಮಗ ರಜನೀಶ್ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ನೀರು ಬೆರೆಸಾಕೂ ಬರಾಕಿಲ್ವಾ ನಿಂಗೆ?"

"ನಂದೇ ತಪ್ಪು ಕಣ್ರಿ," ಎಂದು ಅತ್ತಳು ಮಾನಸಾ.

ದಾಕ್ಷಾಯಣಮ್ಮ ತಲೆ ಎತ್ತಲಿಲ್ಲ. ಪಾದ ಕೆಂಪಗೆ ಊದಿಕೊಳ್ಳುತ್ತಿತ್ತು, ಉರಿಯ ಸುಳಿವೇ ಇಲ್ಲ. ಅಷ್ಟರಲ್ಲಿ ಅವಳ ಕೈ ತಾನಾಗಿ ಸೀರೆಯಂಚನ್ನು ಅದರ ಮೇಲೆ ಎಳೆದುಬಿಟ್ಟಿತು. ಸುಡುವ ನೀರಿಗೆ ಮಿಸುಕದ ಮೈ ಸುಳ್ಳು ಮುಚ್ಚಲು ಇಷ್ಟು ಚುರುಕೇ ಎನ್ನಿಸಿ, ನಾಚಿಕೆಯಿಂದ ಹಿಡಿಯಾದಳು.

ಮಗುವನ್ನು ಗಂಡನ ಕೈಗಿತ್ತು ಮಾನಸಾ ತಣ್ಣೀರಿನ ಬಕೆಟ್ಟು ಹಿಡಿದು ಬಂದಳು. "ನಿಮ್ ಕಾಲಿಗೂ ಬಿತ್ತಲ್ವಾ ಅತ್ತೆ, ತೋರ್ಸಿ. ತುಂಬಾ ಉರೀತಿದ್ಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ದಾಕ್ಷಾಯಣಮ್ಮ ಸೀರೆಯಂಚು ಎತ್ತಿದಳು.

"ತಪ್ಪು ನಿಂದಲ್ಲ ಕಣವ್ವ. ಈ ಕಾಲು ಸತ್ತು ವರ್ಸಾಯ್ತು. ಡಾಕ್ಟ್ರಿಗೂ ಸುಳ್ಳು ಯೋಳ್ದೆ."

ಮಾನಸಾ ಕೂತು, ಚೊಂಬಿನಿಂದ ತಣ್ಣೀರನ್ನು ಆ ಪಾದದ ಮೇಲೆ ನಿಧಾನವಾಗಿ ಬಿಟ್ಟಳು.

"ಗೊತ್ತಾಯ್ತಾ ಅತ್ತೆ?"

"ಇಲ್ಲ," ಎಂದಳು ದಾಕ್ಷಾಯಣಮ್ಮ.