ಅಬ್ಸಲ್ಯೂಟ್ಲಿ

ಶಿರಾದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಗಿರಾಕಿ ಏನೇ ಕೇಳಲಿ, ರಿಸೆಪ್ಶನ್ನಿನ ಐಮನ್ ಇಂಗ್ಲಿಷಿನ ಒಂದೇ ಮಾತಿನಲ್ಲಿ ಉತ್ತರಿಸಬೇಕು. ಅದು ಮ್ಯಾನೇಜರ್ ಚಂದ್ರಶೇಖರನ ಕಟ್ಟಪ್ಪಣೆ. ರೂಮು ಇದೆಯಾ? 'ಡೆಫಿನೆಟ್ಲಿ.' ಬಿಸಿನೀರು ಬರುತ್ತಾ? 'ಅಬ್ಸಲ್ಯೂಟ್ಲಿ.' ಬಾರದ ದಿನವೂ ಹಾಗೆಂದು, ಆಮೇಲೆ ಬೈಸಿಕೊಳ್ಳುತ್ತಿದ್ದವಳೂ ಅವಳೇ. ಹೌದು ಎನ್ನಲು ಇಷ್ಟುದ್ದದ ಮಾತುಗಳನ್ನು ಕಲಿಸಿದ ಈ ಮನುಷ್ಯ ಇಲ್ಲ ಎನ್ನಲು ಒಂದನ್ನೂ ಕಲಿಸಲಿಲ್ಲವಲ್ಲ ಎಂದು ಅವಳ ಪಿತ್ತ ನೆತ್ತಿಗೇರಿತ್ತು.

ಶನಿವಾರ ಸಂಜೆ ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಾಗ ಚಂದ್ರಶೇಖರ್ ಅಡ್ಡ ಬಂದ.

"ಈ ವಾರಾನೂ ನಿಂಗೆ ರಜಾ ಇಲ್ಲ ಕಣಮ್ಮ. ನಾಳೆ ಬರ್ತೀಯ ತಾನೆ?"

ಹೋದ ವಾರ ಇದೇ ಪ್ರಶ್ನೆಗೆ 'ಅಬ್ಸಲ್ಯೂಟ್ಲಿ' ತಾನಾಗಿಯೇ ಬಾಯಿಂದ ಉದುರಿತ್ತು. ಈ ಸಲ ಐಮನ್ ನಕ್ಕಳು.

"ಬಿಲ್ಕುಲ್, ಸಾರ್."

"ಇಂಗ್ಲಿಷ್ನಲ್ಲಿ ಹೇಳು ಅಂತ ಎಷ್ಟು ಸಲ ಹೇಳ್ಬೇಕು? ಹೋಗ್ಲಿ ಬುಡು, ನಿಮ್ಮ ಉರ್ದೂನಲ್ಲಿ ಬಿಲ್ಕುಲ್ ಅಂದ್ರೂ ಅಬ್ಸಲ್ಯೂಟ್ಲಿ ಅಂತಾನೇ ಅಲ್ವಾ?"

"ಉರ್ದೂನಲ್ಲಿ ಅಂಗೇ ಸಾರ್," ಐಮನ್ ಗಾಜಿನ ಬಾಗಿಲು ತಳ್ಳಿದಳು. "ನಾನಂದಿದ್ದು ಕನ್ನಡದ ಬಿಲ್ಕುಲ್. ಮುಂದಿನ 'ಆಗಲ್ಲ' ನೀವೇ ಸೇರಿಸ್ಕಳಿ."