ಗೇಟಿನಲ್ಲೇ ಉಳಿದ ಮರುವಾಯಿ

ಕುಮುದಿನಿ ಉರ್ವದ ಮನೆಯಿಂದ ಹೊತ್ತು ತಂದ ಮರುವಾಯಿ-ಪುಂಡಿಯ ಪಾತ್ರೆಯನ್ನು ರೆಸಾರ್ಟಿನ ಕಾವಲುಗಾರ ದೋಣಿಕಟ್ಟೆಯ ಗೇಟಿನಲ್ಲೇ ಇರಿಸಿಕೊಂಡ. ಚಿಪ್ಪುಮೀನಿನ ಗಸಿ, ಅದರಲ್ಲಿ ಮುಳುಗಿದ ಅಕ್ಕಿಯುಂಡೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ಪಾತ್ರೆಯ ಬದಲಿಗೆ ಒಂದು ಟೋಕನ್ ಕೊಟ್ಟ, ಜೊತೆಗೆ ಕೈ ಒರೆಸಲು ನಿಂಬೆಯ ಪರಿಮಳದ ಬಟ್ಟೆ. ಇವು ಮೀನು ಮಾರಿದ ಕೈಗಳೆಂದು ಅವನಿಗೆ ಯಾರು ಹೇಳಿದರೋ.

ಮೊಮ್ಮಗಳು ಅಕ್ಷಿತಾಳಿಗೆ ಏಳು ತಿಂಗಳು. ಬಯಕೆಯ ಊಟವನ್ನು ದುಬೈಯಿಂದ ಬಂದ ಅವಳ ಗಂಡ ರಂಜಿತ್ ಹೊಳೆಯ ನಡುವಿನ ಈ ಕುದುರಿನಲ್ಲಿ ಇಟ್ಟುಕೊಂಡಿದ್ದ. ಹುಡುಗಿ ಬಾಯಿಬಿಟ್ಟು ಕೇಳಿದ್ದು ಒಂದೇ, ಅಜ್ಜಿಯ ಕೈಯ ಮರುವಾಯಿ. ಬಸುರಿ ಕೇಳಿದ್ದನ್ನು ಉಣಿಸದೆ ಕಳಿಸಿದ್ದು ಕುಮುದಿನಿಯ ಮನೆಯಲ್ಲಿ ಈವರೆಗೆ ಇಲ್ಲ.

ಒಳಗಿನ ಚೆಂದವೋ ಚೆಂದ. ಸುತ್ತ ಹೊಳೆ, ನಡುವೆ ಈಜಲು ಸಿಮೆಂಟಿನ ತೊಟ್ಟಿ. ಗೋಡೆಯ ಮೇಲೆ ಒಂದು ದಿನವೂ ನೀರು ಕಾಣದ ಬಲೆ. ಗಟ್ಟಿ ದೋಣಿಯೊಂದನ್ನು ನಡುವಿಗೆ ಕೊಯ್ದು ಕುಡಿಯುವವರಿಗೆ ಮೇಜು ಮಾಡಿದ್ದರು. ಮಲಗುವ ಕೋಣೆಯಲ್ಲಿ ಬಚ್ಚಲಿಗೆ ಗೋಡೆಯೇ ಇಲ್ಲ, ಬರೀ ಗಾಜು. ಇಷ್ಟು ದುಡ್ಡು ಸುರಿದು ಮಾನ ಬಿಡಬೇಕೇ ಎಂದು ಕುಮುದಿನಿ ಆ ಗಾಜಿಗೆ ತನ್ನ ಇನ್ನೊಂದು ಸೀರೆ ಹರವಿದಳು.

ಮಧ್ಯಾಹ್ನ ಮೊರದಷ್ಟಗಲದ ತಟ್ಟೆಯಲ್ಲಿ ಮೂರು ಮರುವಾಯಿ ಬಂದವು, ಬೆಣ್ಣೆಯಲ್ಲಿ ಮುಳುಗಿ, ಮೇಲೊಂದು ಎಲೆ ಹೊತ್ತು. ಬೆಣ್ಣೆಯ ವಾಸನೆಗೆ ಅಕ್ಷಿತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ದೊಡ್ಡ ಶೆಫ್ ಮಾಡಿದ್ದು ಅಜ್ಜಿ," ಎಂದ ರಂಜಿತ್.

"ಮೂರೇ ಉಂಟಲ್ಲ. ಉಳಿದವು ತೊಟ್ಟಿಯಲ್ಲಿ ಈಜಲಿಕ್ಕೆ ಹೋಗಿವೆಯಾ?"

ಪಾತ್ರೆ ತರಿಸು ಎಂದರೆ, ರೂಲ್ ಅಂದರೆ ರೂಲ್, ನಾಳೆ ಮನೆಗೆ ಹೋಗುವಾಗ ಕೊಡ್ತಾರೆ ಎಂದು ಅವನು ಪಿಸುಗುಟ್ಟಿದ. ತೆಂಗಿನಕಾಯಿ ಅರೆದು ಹಾಕಿದ ಗಸಿ ನಾಳೆಯವರೆಗೆ ಇವನ ರೂಲ್ ಕೇಳುತ್ತದೆಯೇ? ಕುಮುದಿನಿ ಎದ್ದು ಗೇಟಿಗೆ ಹೋದಳು.

ಇಳಿತದ ಹೊತ್ತು. ಗೇಟಿನ ಹೊರಗೆ, ಮೆಟ್ಟಿಲ ಬುಡದಲ್ಲಿ ಮರಳುದಿಣ್ಣೆ ಎದ್ದಿತ್ತು. ಟೋಕನ್ ಕೊಟ್ಟು ಪಾತ್ರೆ ಪಡೆದವಳು ಕೆಳಗಿಳಿದು ಒದ್ದೆ ಮರಳಿನಲ್ಲೇ ಕುಳಿತಳು. ಕಾವಲುಗಾರ ಏನೋ ಹೇಳಲು ಬಂದ.

"ನಿನ್ನದು ಗೇಟಿನ ಒಳಗೆ. ಇದು ಹೊಳೆ."

ಅಕ್ಷಿತಾ ರೇಷ್ಮೆ ಸೀರೆ ಎತ್ತಿ ಕಟ್ಟಿ ಇಳಿದು ಬಂದಳು. ಅಜ್ಜಿ ಕೈತುತ್ತು ಕೊಟ್ಟಳು. ಮತ್ತೆ ಹುಡುಗಿ ತಾನೇ ಪಾತ್ರೆಗೆ ಕೈ ಹಾಕಿ, ಚಿಪ್ಪು ಚೀಪಿ ಚೀಪಿ ಹೊಳೆಗೆ ಎಸೆಯತೊಡಗಿದಳು. ಮೇಲಿನ ಕಟ್ಟೆಯಲ್ಲಿ ಅತಿಥಿಗಳು ಮೊಬೈಲ್ ಹಿಡಿದು ಸಾಲು ನಿಂತರು.

ರಂಜಿತ್ ಬೂಟು ಕೈಯಲ್ಲಿ ಹಿಡಿದು ಕೊನೆಯ ಮೆಟ್ಟಿಲವರೆಗೆ ಬಂದ. "ಅಜ್ಜಿ, ಎಲ್ಲರೂ ನೋಡ್ತಿದ್ದಾರೆ."

"ನೋಡಲಿ ಮಾರಾಯ. ಅವರಿಗೂ ಮೂರೇ ಸಿಕ್ಕಿದ್ದಲ್ವಾ."

ಅವನು ಹೋಗಲಿಲ್ಲ. ಗಸಿಯ ಘಮ ಮೆಟ್ಟಿಲೇರಿ ಅವನನ್ನು ಮುಟ್ಟಿತ್ತು. ಉಗುಳು ನುಂಗಿ, ಸಣ್ಣ ದನಿಯಲ್ಲಿ ಕೇಳಿದ: "ಸ್ವಲ್ಪ ಉಂಟಾ?"

"ನಿನಗೆ ಮೇಲೆ ಶೆಫ್ ಮಾಡಿದ್ದುಂಟಲ್ಲ," ಎಂದು ಕುಮುದಿನಿ ಪಾತ್ರೆಯನ್ನು ಮೊಮ್ಮಗಳ ಕಡೆಗೆ ವಾಲಿಸಿದಳು.