ನೆಗಡಿಗೆ ತಂದ ಮಾತ್ರೆ

ಒಲೆಯಿಂದ ಇಳಿಸಿದ ಪಾತ್ರೆಯನ್ನು ಕವೆಗೋಲಿಗೆ ಸಿಕ್ಕಿಸಿ, ಪಾದಗಳಿಂದ ಒತ್ತಿ ಹಿಡಿದು ಅನಂತಲಕ್ಷ್ಮಿ ಮುದ್ದೆ ತಿರುವುತ್ತಿದ್ದಳು. ಎರಡು ಕೈಯೂ ಮುದ್ದೆಕೋಲಿನ ಮೇಲಿದ್ದಾಗಲೇ ತುರಿಕೆ ಮತ್ತೆ ಶುರುವಾಯಿತು. ಹಲ್ಲು ಕಚ್ಚಿ ಇನ್ನೂ ಜೋರಾಗಿ ತಿರುವಿದಳು. ಹಿಟ್ಟಿನ ಗಂಟು ಒಡೆಯಿತು, ತುರಿಕೆ ಹೋಗಲಿಲ್ಲ. ಕೋಲು ಬಿಟ್ಟು ಎದ್ದಳು.

"ಮತ್ತೆ ಬಾತ್‌ರೂಮಾ?" ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುನಿತಾಯಮ್ಮ ಕೂಗಿದರು. "ಅಲ್ಲೇನು ಸಂತೆ ನಡೀತಾ ಇದ್ಯೇನೇ? ಹಿಟ್ಟು ಆರೋಗ್ತದೆ!"

ತಣ್ಣೀರು ಸುರಿದುಕೊಂಡರೆ ಒಂದು ಗಳಿಗೆ ಹಾಯೆನಿಸುತ್ತಿತ್ತು. ಆಮೇಲೆ ಅದೇ ಉರಿ.

ಹೋದ ವಾರ ಅವಳಿಗೆ ಬಂದಿದ್ದು ಬರೀ ನೆಗಡಿ. ಗಂಡ ಕಾಂತರಾಜು ಮೆಡಿಕಲ್ ಸ್ಟೋರಿನಿಂದ ಡಾಕ್ಟರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ತಂದುಕೊಟ್ಟಿದ್ದ. ನೆಗಡಿ ತನ್ನ ಪಾಡಿಗೆ ಇಳಿಯಿತು. ಮಾತ್ರೆ ಮುಗಿಯುವ ಹೊತ್ತಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ಈ ತುರಿಕೆ ಹತ್ತಿಕೊಂಡಿತು. ಕೂರಲಾಗದು, ನಿಲ್ಲಲಾಗದು. ಗಂಡ ಹತ್ತಿರ ಬಂದರೆ ತಲೆನೋವೆಂದು ಗೋಡೆಯ ಕಡೆ ತಿರುಗಿದಳು. "ಏನು ಕೋಪ ನಿಂಗೆ?" ಎಂದು ಅವನೂ ಮುನಿಸಿಕೊಂಡಿದ್ದ.

ನಿನ್ನೆ, ಬ್ಲೌಸ್ ಹೊಲಿಯಲು ಕೊಡಬೇಕೆಂದು ಸುಳ್ಳು ಹೇಳಿ ಮೂಡಲಪಾಳ್ಯದಿಂದ ವಿಜಯನಗರಕ್ಕೆ ಹೋಗಿ ಲೇಡಿ ಡಾಕ್ಟರನ್ನು ಕಂಡಿದ್ದಳು.

"ನೆಗಡಿ ವೈರಸ್ಸಿಂದ ಬರೋದು. ಅದಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡಲ್ಲಮ್ಮ," ಎಂದಿದ್ದರು ಅವರು. "ಮೈಯಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾನೂ ಸಾಯಿಸತ್ತೆ. ಆಗ ಅಲ್ಲಿ ಫಂಗಸ್ ಬೆಳ್ಕೊಳ್ಳತ್ತೆ. ತುಂಬಾ ಹೆಂಗಸರಿಗೆ ಆಗತ್ತೆ, ನಾಚ್ಕೋಬೇಡಿ."

ಅವರು ಬರೆದುಕೊಟ್ಟ ಮುಲಾಮು ಈಗ ಬೀರುವಿನಲ್ಲಿ, ಲಂಗಗಳ ಮಡಿಕೆಯೊಳಗಿತ್ತು.

ಮುದ್ದೆ ಕಟ್ಟುತ್ತಿರುವಾಗ ಮಗಳು ರಮ್ಯ ಕಾಲೇಜಿನಿಂದ ಬಂದಳು. ಮೂಗು ಕೆಂಪಗಾಗಿತ್ತು. ಸೀನುತ್ತಲೇ ಫೋನು ಹಿಡಿದು ನೇರ ಕೋಣೆಗೆ ಹೋದಳು.

"ಬೆಳಿಗ್ಗೆ ಮಗು ಸೀನಿದ್ದು ಕೇಳಿ ಕಾಂತರಾಜು ಮಾತ್ರೆ ತಂದಿಟ್ಟವ್ನೆ," ಮುನಿತಾಯಮ್ಮ ಟಿ.ವಿ. ಪಕ್ಕದ ಶೀಟು ತೋರಿಸಿದರು. ಅದೇ ಮಾತ್ರೆ. "ಕೊಡು ಅವಳ್ಗೆ."

"ಬೇಡ ಅತ್ತೆ. ಸುಮ್ನೆ ನೆಗಡಿ, ತಾನಾಗೇ ಹೋಗತ್ತೆ."

"ಯಾಕ್ ಬೇಡ? ನೀನೂ ನುಂಗಿದ್ಯಲ್ಲ, ಏನಾಯ್ತು ನಿಂಗೆ?"

ಏನಾಯಿತೆಂದು ಹೇಳಿದರೆ ಮಗಳು ಈ ಮಾತ್ರೆಯಿಂದ ಪಾರಾಗುತ್ತಾಳೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಅಂಥ ಜಾಗದಲ್ಲಿ ಯಾಕೆ ಬಂತು, ಯಾರಿಂದ ಬಂತು ಎಂಬಲ್ಲಿಗೆ ಮಾತು ಹೋಗುತ್ತದೆ. ರಾತ್ರಿಯೊಳಗೆ ನಾದಿನಿಯ ಫೋನಿಗೂ ಮುಟ್ಟುತ್ತದೆ.

"ಗ್ಯಾಸ್ಟ್ರಿಕ್ ಆಯ್ತು," ಎಂದಳು.

"ಅಷ್ಟೇನಾ! ಒಂದು ಲೋಟ ಮಜ್ಜಿಗೆ ಕುಡಿದ್ರಾಯ್ತು. ಗಂಡ ತಂದ ಮಾತ್ರೆಗೂ ತಕರಾರು ನಿಂದು."

ಅನಂತಲಕ್ಷ್ಮಿ ಶೀಟನ್ನು ಎತ್ತಿಕೊಂಡಳು. ಒಲೆಯ ಮೇಲೆ ನೀರಿಟ್ಟು ಕಾಳುಮೆಣಸು, ಶುಂಠಿ ಜಜ್ಜಿ ಹಾಕಿದಳು. ಕುದಿಯುವವರೆಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಂತಳು. ಕಷಾಯವನ್ನು ಕೋಣೆಗೆ ಒಯ್ದು ಮಗಳ ಹಣೆ ಮುಟ್ಟಿ ನೋಡಿದಳು, ಬಿಸಿಯಿರಲಿಲ್ಲ. ಲೋಟವನ್ನು ಅವಳ ಕೈಗಿಟ್ಟಳು.

"ಥೂ, ಏನಮ್ಮ ಇದು, ಖಾರ!"

"ಕುಡಿಯೇ ಸುಮ್ನೆ."

"ಕೊಟ್ಯೇನೇ?" ನಡುಮನೆಯಿಂದ ಅತ್ತೆ.

"ಹೂಂ, ಕೊಟ್ಟೆ."

ಬೀರು ತೆರೆದು ಮಾತ್ರೆಯ ಶೀಟನ್ನು ಮುಲಾಮಿನ ಪಕ್ಕಕ್ಕೆ ತುರುಕಿದಳು. ಮಗಳಿಗೆ ಜ್ವರ ಏರಿದರೆ ತಾನೇ ವಿಜಯನಗರಕ್ಕೆ ಕರೆದುಕೊಂಡು ಹೋಗುವುದು. ಕೇಳಿದರೆ, ಬ್ಲೌಸ್ ತರಬೇಕಿತ್ತು ಎಂದರಾಯಿತು.